‘ವಿವರ್ತನೆ’ ಎಂಬ ಪರಿಭಾಷೆ: ನರಗುಂದದ ಎರೆಮಣ್ಣಿನ ನಿದರ್ಶನದಿಂದ ಒಂದು ವಿಮರ್ಶೆ

ಬೆಳಕಾಗಲಿ ಕ್ಷ-ಕಿರಣವಾಗಲಿ ಸೂಕ್ಷ್ಮವಾದ ಎಡೆಗಳಲ್ಲಿ ಹಾಯುವಾಗ ನೇರವಾದ ದಾರಿಯನ್ನು ಬಿಟ್ಟು ಬಾಗಿ ಹರಡುವುದಕ್ಕೆ ನಮ್ಮ ಭೌತಶಾಸ್ತ್ರ ಗ್ರಂಥಗಳು ‘ವಿವರ್ತನೆ’ ಎಂದು ಹೆಸರಿಟ್ಟಿವೆ. ಹೆಸರು ಗಂಭೀರವಾದುದೇ, ಆದರೆ ವೇದಾಂತದ ಪರಿಚಯವುಳ್ಳವರಿಗೆ ಅದು ತೊಡಕನ್ನು ತಂದೊಡ್ಡುತ್ತದೆ. ಹಾಲು ಮೊಸರಾಗುವುದು ಪರಿಣಾಮ; ಹಗ್ಗವು ಹಾವಾಗಿ ತೋರುವುದು ವಿವರ್ತ. ಅಲ್ಲಿ ವಸ್ತುವೇ ಮಾರ್ಪಡುತ್ತದೆ. ಇಲ್ಲಿ ತೋರ್ಕೆ ಮಾತ್ರ. ಹೀಗಿರಲು, ಕಾಸಿದ ಹರಳಿನ ಒಳರಚನೆಯು ಮಾರ್ಪಟ್ಟುದನ್ನು ‘ವಿವರ್ತನೆಯಿಂದ ಕಂಡರು’ ಎಂದು ಓದಿದ ವಿದ್ಯಾರ್ಥಿಯು ಆ ಮಾರ್ಪಾಟನ್ನು ಸತ್ಯವೆಂದು ತಿಳಿಯಬೇಕೆ, ತೋರ್ಕೆಯೆಂದು ತಿಳಿಯಬೇಕೆ?

ನರಗುಂದದ ಎರೆಹೊಲವನ್ನೇ ನಿದರ್ಶನಕ್ಕೆ ತೆಗೆದುಕೊಳ್ಳೋಣ. ಆ ಮಣ್ಣು ಮಳೆಗೆ ಉಬ್ಬುವುದೂ ಬೇಸಗೆಯಲ್ಲಿ ಬಾಯ್ಬಿಡುವುದೂ ಒಕ್ಕಲಿಗರಿಗೆ ಹೊಸದಲ್ಲ. ಎರೆಮಣ್ಣಿನ ಜೇಡಿಯಲ್ಲಿ ಪ್ರಧಾನವಾದ ಸ್ಮೆಕ್ಟೈಟ್ ಎಂಬ ಖನಿಜವು ತನ್ನ ಪದರಗಳ ನಡುವೆ ನೀರನ್ನು ಹಿಡಿಯುವುದೂ ಬಿಡುವುದೂ ಇದಕ್ಕೆ ಕಾರಣ. ಹರಳು ಕ್ಷ-ಕಿರಣವನ್ನು ವಿವರ್ತಿಸುವುದೆಂದು 1912ರಲ್ಲಿ ಲಾವೆಯ ಪ್ರಯೋಗದಿಂದ ಸಿದ್ಧವಾಯಿತು. ಕಿರಣವು ಹೊರಡುವ ಕೋನದಿಂದ ಪದರಗಳ ಅಂತರವನ್ನು ಗಣಿಸುವ ಮಾರ್ಗವನ್ನು ಬ್ರಾಗ್ ತಂದೆಮಕ್ಕಳು ಬೆಳೆಸಿದರು. ಅದರಂತೆ ಅಳೆದರೆ, ಗಾಳಿಗೆ ಒಣಗಿದ ಸ್ಮೆಕ್ಟೈಟಿನಲ್ಲಿ ಈ ಅಂತರವು ಸಾಮಾನ್ಯವಾಗಿ 14-15 ಆಂಗ್‌ಸ್ಟ್ರಮ್. ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲೇ ಒಂದು ಆಂಗ್‌ಸ್ಟ್ರಮ್. 550 ಡಿಗ್ರಿ ಸೆಲ್ಸಿಯಸ್‌ಗೆ ಕಾಸಿದರೆ ಅಂತರವು ಸುಮಾರು 10ಕ್ಕೆ ಕುಗ್ಗುತ್ತದೆ. ಕೇಯೋಲಿನೈಟ್ ಎಂಬ ಬೇರೊಂದು ಜೇಡಿಯ 7 ಆಂಗ್‌ಸ್ಟ್ರಮಿನ ರೇಖೆಯಾದರೋ ಅಷ್ಟು ಕಾವಿಗೆ ಅಳಿದೇ ಹೋಗುತ್ತದೆ. ಮರಳಿನ ಕ್ವಾರ್ಟ್ಸ್ 573 ಡಿಗ್ರಿಯಲ್ಲಿ ಬೇರೊಂದು ರಚನೆಯನ್ನು ತಾಳಿ, ಆರಿದಾಗ ಮೊದಲಿನ ರಚನೆಗೇ ಮರಳುತ್ತದೆ.

ಇಲ್ಲಿ ಮೂರು ಬಗೆಯ ಮಾರ್ಪಾಟುಗಳಿವೆ. ಪದರಗಳು ಹತ್ತಿರವಾಗುವುದು ಸಂಕೋಚ, ಕ್ವಾರ್ಟ್ಸಿನದು ರೂಪಾಂತರ, ಕೇಯೋಲಿನೈಟಿನದು ವಿಘಟನೆ. ಮೂರನ್ನೂ ‘ರಚನೆ ಬದಲಾಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸುವ ಬರಹವು ಶಾಸ್ತ್ರಕ್ಕೂ ಭಾಷೆಗೂ ಅನ್ಯಾಯವೆಸಗುತ್ತದೆ. ಇವುಗಳಲ್ಲಿ ಯಾವುದೂ ತೋರ್ಕೆಯಲ್ಲ. ಕುಂಬಾರನ ಆವಿಗೆಯಲ್ಲಿ ಬೆಂದ ಮಡಕೆಯು ನೆನೆದರೂ ಮತ್ತೆ ಹಸಿ ಜೇಡಿಯಾಗದೆಂಬುದೇ ಸಾಕ್ಷಿ.

ಹಾಗಾದರೆ ‘ವಿವರ್ತನೆ’ಯನ್ನು ತ್ಯಜಿಸಬೇಕೆ? ಬೇಡವೆಂದು ನಮ್ಮ ಮತ. ‘ವೃತ್’ ಧಾತುವಿನಲ್ಲಿ ತಿರುಗುವಿಕೆಯ ಅರ್ಥವಿದೆ. ಇಲ್ಲಿ ತಿರುಗುವುದು ಕಿರಣದ ದಾರಿ. ಪದವು ರೂಢಿಯಲ್ಲಿಯೂ ನೆಲೆಗೊಂಡಿದೆ. ದೋಷವು ಪದದ್ದಲ್ಲ, ಅದರ ಕರ್ತೃವನ್ನು ಹೇಳದ ವಾಕ್ಯದ್ದು. ವಿವರ್ತನೆಯು ಕಿರಣಕ್ಕೆ ಸಂದದ್ದು, ಪರಿಣಾಮವು ಹರಳಿಗೆ. ‘ಕಾಸಿದ ಹರಳಿನ ಪರಿಣಾಮವನ್ನು ಕಿರಣದ ವಿವರ್ತನೆಯಿಂದ ಅರಿತರು’ ಎಂದು ಬರೆದರೆ ಸಂದೇಹಕ್ಕೆ ಎಡೆಯೆಲ್ಲಿ? ಅಧ್ಯಾಪಕರು ಈ ಭೇದವನ್ನು ಮೊದಲ ಪಾಠದಲ್ಲಿಯೇ ತಿಳಿಸುವುದು ಯುಕ್ತ.