ಸಮಾಧಾನದ ನುಡಿ: ಕನ್ನಡ ಕ್ರೈಸ್ತ ಪ್ರಾರ್ಥನೆಯಲ್ಲಿ ಸಾವು ಮತ್ತು ಪ್ರಲಾಪ

1

ಕನ್ನಡ ಕ್ರೈಸ್ತ ಸಾಹಿತ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿವೆ. ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆ ಮತ್ತು ಗ್ರಂಥಸಂಪಾದನೆಗಳಲ್ಲಿ ಮಿಷನರಿಗಳು ಮಾಡಿದ ಕೆಲಸವನ್ನು ಕೃತಜ್ಞತೆಯಿಂದ ದಾಖಲಿಸುವುದು ಒಂದು ದಾರಿ. ಈ ಕೆಲಸದ ಹಿಂದಿದ್ದ ಮತಪ್ರಚಾರದ ಉದ್ದೇಶವನ್ನೂ ವಸಾಹತುಶಾಹಿಯ ನೆರಳನ್ನೂ ಬಯಲಿಗೆಳೆಯುವುದು ಇನ್ನೊಂದು ದಾರಿ. ಎರಡೂ ಅಗತ್ಯವಾದವುಗಳೇ. ಆದರೆ ಎರಡರಲ್ಲಿಯೂ ಗಮನವಿರುವುದು ಪಠ್ಯವನ್ನು ತಂದವನ ಮೇಲೆ; ಅದನ್ನು ಬಳಸಿದವನ ಮೇಲಲ್ಲ. ಮಗುವನ್ನು ಮಣ್ಣು ಮಾಡಿ ಬಂದ ತಾಯಿಯ ಮುಂದೆ ಸತ್ಯವೇದವನ್ನು ತೆರೆದು ಓದಿದಾಗ ಆ ಕನ್ನಡ ಏನು ಮಾಡಿತು ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಕೇಳಿಕೊಂಡಿದ್ದು ಅಪರೂಪ. ಇದು ಭಕ್ತಿಯ ವಿಷಯ, ಸಾಹಿತ್ಯದ್ದಲ್ಲ ಎಂಬ ಗ್ರಹಿಕೆ ಇದಕ್ಕೆ ಕಾರಣವಿರಬಹುದು. ವಚನಗಳನ್ನೂ ದಾಸರ ಪದಗಳನ್ನೂ ಸಾಹಿತ್ಯವೆಂದು ಓದುವ ಪರಂಪರೆಗೆ ಈ ಗ್ರಹಿಕೆ ಹೊಂದುವುದಿಲ್ಲ.

ನಷ್ಟದ ಹೊತ್ತಿನಲ್ಲಿ ಕ್ರೈಸ್ತ ಶಾಸ್ತ್ರ ಮತ್ತು ಪ್ರಾರ್ಥನೆಗಳು ಕನ್ನಡದಲ್ಲಿ ಸಾಂತ್ವನದ ನುಡಿಯಾಗಿ ಹೇಗೆ ನೆಲೆಗೊಂಡವು, ಎಲ್ಲಿ ಸೋತವು ಎಂಬುದನ್ನು ಗದಗ ಪರಿಸರವನ್ನು ಹಿನ್ನೆಲೆಯಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಕುರ್ತಕೋಟಿ, ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನೊಳಗೊಂಡ ಈ ನಾಡು ಕನ್ನಡದ ಹಳೆಯ ನೆಲ. ಕವಿರಾಜಮಾರ್ಗವು ತಿರುಳ್ಗನ್ನಡದ ಎಲ್ಲೆಯನ್ನು ಗುರುತಿಸುವಾಗ ಹೆಸರಿಸುವ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಸಾವನ್ನು ಎದುರಿಸುವ ನುಡಿಗೂ ರೂಪಕ್ಕೂ ಇಲ್ಲಿ ಬಡತನವಿರಲಿಲ್ಲ. ವೀರಗಲ್ಲಿನ ಸಾಮಾನ್ಯ ವಿನ್ಯಾಸವನ್ನೇ ನೋಡಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಶಿವಸಾನ್ನಿಧ್ಯ. ಅಲ್ಲಿ ಶೋಕಕ್ಕೆ ಕೊಟ್ಟ ಉತ್ತರ ಮೇಲ್ಮುಖವಾದುದು. ಜೈನರ ನಿಸಿದಿಗಳಲ್ಲಿ ಸಾವು ವ್ರತದ ಪೂರ್ಣತೆ. ಶರಣರ ನುಡಿಯಲ್ಲಿ ಅದು ಲಿಂಗೈಕ್ಯ. ಇವುಗಳ ಜೊತೆಗೆ ಸತ್ತವರ ಗುಣಗಳನ್ನು ಎಣಿಸಿ, ಬಿಟ್ಟುಹೋದುದಕ್ಕಾಗಿ ಬೈದು, ಹಾಡಿ ಅಳುವ ಹೆಂಗಸರ ಮೌಖಿಕ ಪರಂಪರೆಯೂ ಇತ್ತು. ಶಾಸ್ತ್ರದ ನುಡಿ ಸಾವನ್ನು ಅರ್ಥಕ್ಕೆ ಏರಿಸುತ್ತಿದ್ದರೆ, ಅಳುವಿನ ಹಾಡು ಅದನ್ನು ನಷ್ಟವಾಗಿಯೇ ಉಳಿಸುತ್ತಿತ್ತು.

ಈ ನೆಲಕ್ಕೆ ಕ್ರೈಸ್ತ ಪ್ರಾರ್ಥನೆ ಬಂದದ್ದು ಮುಖ್ಯವಾಗಿ ಬಾಸೆಲ್ ಮಿಷನ್ ಮೂಲಕ. 1834ರಲ್ಲಿ ಮಂಗಳೂರಿನಲ್ಲಿ ಕಾಲೂರಿದ ಈ ಸಂಸ್ಥೆ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ಗದಗಿನ ಮಗ್ಗುಲ ಬೆಟಗೇರಿಯಲ್ಲಿಯೂ ಕೇಂದ್ರಗಳನ್ನು ತೆರೆಯಿತು. ಸತ್ಯವೇದದ ಕನ್ನಡ ಅನುವಾದ ಇದಕ್ಕೂ ಮೊದಲೇ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರಿಂದ ಆರಂಭವಾಗಿತ್ತು. ಅದರ ಪರಿಷ್ಕರಣೆಯಲ್ಲಿ ಮುಂದೆ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗಲ್ ಮೊದಲಾದವರು ದುಡಿದರು. 1876ರಿಂದ 1878ರ ವರೆಗಿನ ಭೀಕರ ಬರ ಧಾರವಾಡ ಸೀಮೆಯನ್ನು ಕಾಡಿದಾಗ ಮಿಷನ್ನಿನ ಪರಿಹಾರ ಕಾರ್ಯಕ್ಕೂ ಅನಾಥಾಲಯಗಳಿಗೂ ಮಹತ್ವ ಬಂತು. ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಅನ್ನ ಕೊಡುವವನೇ ಸಾಂತ್ವನವನ್ನೂ ಹೇಳುವಾಗ ಆ ಸಾಂತ್ವನ ಎಷ್ಟರ ಮಟ್ಟಿಗೆ ಸ್ವತಂತ್ರವಾದುದು? ಹಸಿದವನ ಸಮ್ಮತಿಯನ್ನು ಶ್ರದ್ಧೆಯೆಂದು ಎಣಿಸಬಹುದೆ? ಈ ಅನುಮಾನವನ್ನು ಬದಿಗೆ ಸರಿಸಿ ಮುಂದುವರಿಯುವುದು ಪ್ರಾಮಾಣಿಕವಾಗದು. ಆದರೆ ಕೊಟ್ಟವನ ಉದ್ದೇಶದಲ್ಲಿಯೇ ಪಠ್ಯದ ಬಾಳು ಮುಗಿಯುವುದಿಲ್ಲ. ಬರ ಕಳೆದ ಮೇಲೂ, ಮಿಷನರಿಗಳು ಹಿಂದಿರುಗಿದ ಮೇಲೂ, ಮೂರು ನಾಲ್ಕು ತಲೆಮಾರುಗಳ ಬಳಿಕವೂ ಸಾವಿನ ಮನೆಯಲ್ಲಿ ಅದೇ ಕೀರ್ತನೆಯನ್ನು ಜನ ಓದುತ್ತಾರೆಂದರೆ ಅದಕ್ಕೆ ಕಾರಣವನ್ನು ನುಡಿಯೊಳಗೇ ಹುಡುಕಬೇಕಾಗುತ್ತದೆ.

3

ಮೊದಲಿಗೆ ಎರಡು ಶಬ್ದಗಳನ್ನು ಪರಿಶೀಲಿಸಬಹುದು. ಸಾಂತ್ವನದ ಅರ್ಥದಲ್ಲಿ ಕನ್ನಡ ಸತ್ಯವೇದ ಹೆಚ್ಚಾಗಿ ಆಶ್ರಯಿಸುವುದು ‘ಸಮಾಧಾನ’ ಮತ್ತು ‘ಸಂತೈಸು’ ಎಂಬ ಮಾತುಗಳನ್ನು. ‘ಸಮಾಧಾನ’ಕ್ಕೆ ಕನ್ನಡದಲ್ಲಿ ಹಲವು ನೆಲೆಗಳಿವೆ. ಅದು ಪ್ರಶ್ನೆಗೆ ಕೊಡುವ ಉತ್ತರ, ಜಗಳವಾಡಿದವರ ನಡುವಿನ ರಾಜಿ, ಮನಸ್ಸಿನ ನೆಮ್ಮದಿ. ‘ಸಂತೈಸು’ ಎಂಬುದರಲ್ಲಿ ಉತ್ತರದ ಅಂಶವಿಲ್ಲ; ಅಳುವ ಮಗುವಿನ ಬೆನ್ನು ಸವರುವುದೂ ಸಂತೈಸುವುದೇ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಈ ಜಾಗದಲ್ಲಿರುವ ‘ಪರಾಕ್ಲೇಸಿಸ್’ ಎಂಬ ಶಬ್ದದ ಮೂಲಾರ್ಥ ಪಕ್ಕಕ್ಕೆ ಕರೆಯುವುದು, ಬಳಿಯಲ್ಲಿರುವುದು. ಇದಕ್ಕೆ ‘ಸಂತೈಸು’ ಹತ್ತಿರವಾದುದು. ‘ಸಮಾಧಾನ’ ಎಂದಾಗ ಸಾಂತ್ವನ ಉತ್ತರದ ಕಡೆಗೆ ವಾಲುತ್ತದೆ.

ಇದು ಕೇವಲ ಶಬ್ದಾರ್ಥದ ಸಂಗತಿಯಲ್ಲ. ಕನ್ನಡ ಕ್ರೈಸ್ತ ಪ್ರಾರ್ಥನಾ ಸಾಹಿತ್ಯದ ಇಡೀ ಒಳಗಿಕ್ಕಟ್ಟು ಈ ಎರಡು ಮಾತುಗಳ ನಡುವೆ ಇದೆ. ಸಾವಿಗೆ ಉತ್ತರ ಹೇಳಬೇಕೆ, ಸತ್ತವರ ಮನೆಯವರ ಬಳಿ ಕೂಡಬೇಕೆ? ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಾವಿನ ಮನೆಗೆ ಹೋಗುವುದನ್ನು ‘ಮಾತಾಡಿಸಿಕೊಂಡು ಬರುವುದು’ ಎನ್ನುತ್ತಾರೆ. ಹೋದವರು ಅಲ್ಲಿ ಆಡುವ ಮಾತು ಬಹಳ ಕಡಿಮೆ. ಕೂತು ಬರುವುದೇ ಮಾತಾಡಿಸುವುದು. ಯೋಬನ ಗ್ರಂಥದಲ್ಲಿ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಅವನ ಸಂಗಡ ಕೂಡುತ್ತಾರೆ. ಆವರೆಗೆ ಅವರು ಒಳ್ಳೆಯ ಗೆಳೆಯರು. ಬಾಯಿ ತೆರೆದು ಅವನ ದುಃಖಕ್ಕೆ ಕಾರಣ ವಿವರಿಸತೊಡಗಿದ ಮೇಲೆ ಅವರು ಅವನ ಪಾಲಿಗೆ ಪೀಡೆಯಾಗುತ್ತಾರೆ. ಗ್ರಂಥದ ಕೊನೆಯಲ್ಲಿ ದೇವರು ಕೋಪಿಸಿಕೊಳ್ಳುವುದು ದೂರಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಗೆಳೆಯರ ಮೇಲೆ ಎಂಬುದು ಗಮನಾರ್ಹ. ಸಾಂತ್ವನವನ್ನು ಕುರಿತ ವಿಮರ್ಶೆಗೆ ಸತ್ಯವೇದವೇ ಒದಗಿಸಿಕೊಟ್ಟ ಮಾನದಂಡವಿದು.

4

ಈ ಮಾನದಂಡದಿಂದ ನೋಡಿದಾಗ ಕನ್ನಡದಲ್ಲಿ ಹೆಚ್ಚು ಆಳವಾಗಿ ಬೇರೂರಿದ್ದು ಕೀರ್ತನೆಗಳ ಗ್ರಂಥ. ಇಪ್ಪತ್ತಮೂರನೆಯ ಕೀರ್ತನೆಯ ಜನಪ್ರಿಯತೆಯನ್ನು ಅಭ್ಯಾಸಬಲವೆಂದು ತಳ್ಳಿಹಾಕುವಂತಿಲ್ಲ. ಕುರುಬ, ಕುರಿ, ಕೋಲು, ನೀರಿನ ಹುಡುಕಾಟ ಇವು ಕಪ್ಪತಗುಡ್ಡದ ಆಸುಪಾಸಿನ ಬಯಲುಸೀಮೆಗೆ ಪರಕೀಯವಲ್ಲ. ಮಂದೆಯನ್ನು ಊರಿಂದೂರಿಗೆ ಹೊಡೆದುಕೊಂಡು ಹೋಗಿ, ರಾತ್ರಿ ಎರೆಹೊಲದಲ್ಲಿ ನಿಲ್ಲಿಸಿ, ಕಂಬಳಿ ಹೊದ್ದು ಎಚ್ಚರವಿರುವ ಕುರಿಗಾಹಿಯನ್ನು ಕಂಡವರಿಗೆ ಆ ರೂಪಕದ ವಿವರಣೆ ಬೇಕಾಗದು. ಹಸಿರು ಮತ್ತು ನೀರು ಅಪರೂಪವಾದ ನೆಲದಲ್ಲಿ ಅವುಗಳ ಮಾತು ಅಲಂಕಾರವಾಗುವುದಿಲ್ಲ, ಬಯಕೆಯಾಗುತ್ತದೆ.

ಇದಕ್ಕಿಂತ ಮುಖ್ಯವಾದುದು ಆ ಕೀರ್ತನೆಯ ವ್ಯಾಕರಣ. ಆರಂಭದಲ್ಲಿ ದೇವರನ್ನು ಕುರಿತ ಮಾತು ಪ್ರಥಮ ಪುರುಷದಲ್ಲಿದೆ. ಅವನು ಪೊರೆಯುತ್ತಾನೆ, ಅವನು ನಡೆಸುತ್ತಾನೆ ಎಂಬ ಧಾಟಿ. ಸಾವಿನ ನೆರಳಿನ ಕಣಿವೆ ಬಂದೊಡನೆ ಅದು ‘ನೀನು’ ಎಂದು ತಿರುಗುತ್ತದೆ. ಸುಖದಲ್ಲಿ ದೇವರ ಬಗ್ಗೆ ಆಡುತ್ತಿದ್ದ ಮಾತು ಕತ್ತಲಲ್ಲಿ ದೇವರೊಡನೆ ಆಡುವ ಮಾತಾಗುತ್ತದೆ. ಕ್ರಿಯಾಪದದ ಕೊನೆಯಲ್ಲಿಯೇ ಪುರುಷಭೇದವನ್ನು ತೋರುವ ಕನ್ನಡದಲ್ಲಿ ಈ ಪಲ್ಲಟ ಸರ್ವನಾಮದಲ್ಲಿಯೂ ಕ್ರಿಯೆಯಲ್ಲಿಯೂ ಕೇಳಿಸುತ್ತದೆ. ಕಣಿವೆ ಏಕೆ ಬಂತೆಂಬ ವಿವರಣೆ ಅಲ್ಲಿಲ್ಲ. ಅದು ಇಲ್ಲವೆಂಬ ನಟನೆಯೂ ಇಲ್ಲ. ಸಾಂತ್ವನ ಇರುವುದು ಸಂಬೋಧನೆಯಲ್ಲಿ.

ದೇವರನ್ನು ಏಕವಚನದಲ್ಲಿ ಕರೆದು ಮುಖಾಮುಖಿ ಮಾತನಾಡುವುದು ಕನ್ನಡಕ್ಕೆ ಹೊಸದಲ್ಲ. ವಚನಕಾರರ ಅಂಕಿತವೇ ಒಂದು ಸಂಬೋಧನೆ. ಹರಿದಾಸರ ನಿಂದಾಸ್ತುತಿಯಲ್ಲಿ ದೇವರೊಡನೆ ಜಗಳವಾಡುವುದೂ ಭಕ್ತಿಯ ಒಂದು ಬಗೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರೇ ದಾಸರ ಪದಗಳನ್ನು ಸಂಗ್ರಹಿಸಿ 1850ರಲ್ಲಿ ಅಚ್ಚು ಹಾಕಿಸಿದ್ದನ್ನು ಇಲ್ಲಿ ನೆನೆಯಬೇಕು. ದೂರಿನ ಕೀರ್ತನೆಗಳು ಕನ್ನಡಕ್ಕೆ ಬಂದಾಗ ಅವುಗಳಿಗೆ ಮೊದಲೇ ಸವೆದ ಹಾದಿಯೊಂದಿತ್ತು. ಕೈಬಿಟ್ಟೆಯೇಕೆ ಎಂದು ದೇವರನ್ನು ಕೇಳುವ ಇಪ್ಪತ್ತೆರಡನೆಯ ಕೀರ್ತನೆಯನ್ನು ಸುವಾರ್ತೆಯ ಪ್ರಕಾರ ಶಿಲುಬೆಯ ಮೇಲಿಂದ ಯೇಸುವೇ ಉಚ್ಚರಿಸುತ್ತಾನೆ. ಆದುದರಿಂದ ಕ್ರೈಸ್ತನಿಗೆ ದೂರು ಅವಿಶ್ವಾಸದ ಗುರುತಾಗಬೇಕಿಲ್ಲ, ಅದೂ ಪ್ರಾರ್ಥನೆಯೇ.

ಆದರೆ ರೂಢಿಯ ಪ್ರಾರ್ಥನಾ ಸಾಹಿತ್ಯ ಈ ಧೈರ್ಯವನ್ನು ಪೂರ್ತಿಯಾಗಿ ಉಳಿಸಿಕೊಂಡಿತೆಂದು ಹೇಳಲಾಗದು. ಎಂಬತ್ತೆಂಟನೆಯ ಕೀರ್ತನೆ ಆಶೆಯ ಕಡೆಗೆ ಹೊರಳದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಸಾವಿನ ಮನೆಯ ಓದಿಗೆ ಇಪ್ಪತ್ತಮೂರನೆಯದು ಒದಗುವಷ್ಟು ಸಲೀಸಾಗಿ ಇದು ಒದಗುವುದಿಲ್ಲ. ಪ್ರಲಾಪಗಳ ಗ್ರಂಥದ ಗತಿಯೂ ಇಂಥದೇ. ಅದರ ಐದು ಅಧ್ಯಾಯಗಳಲ್ಲಿ ಮೊದಲ ನಾಲ್ಕು ಹೀಬ್ರೂ ವರ್ಣಮಾಲೆಯ ಇಪ್ಪತ್ತೆರಡು ಅಕ್ಷರಗಳ ಅನುಕ್ರಮದಲ್ಲಿ ರಚಿತವಾಗಿವೆ. ಮೂರನೆಯ ಅಧ್ಯಾಯದಲ್ಲಿ ಪ್ರತಿ ಅಕ್ಷರಕ್ಕೆ ಮೂರರಂತೆ ಅರವತ್ತಾರು ವಚನಗಳಿವೆ. ಹದ್ದಿಲ್ಲದ ಶೋಕಕ್ಕೆ ಅಕ್ಷರಮಾಲೆ ಒಂದು ಹದ್ದು. ಮೊದಲಕ್ಷರದಿಂದ ಕೊನೆಯಕ್ಷರದ ವರೆಗೆ ಅತ್ತು ಮುಗಿಸುವ ಕ್ರಮ. ಗದ್ಯಾನುವಾದದಲ್ಲಿ ಈ ಬಂಧ ಅಳಿದು ಶೋಕದ ವಿಷಯ ಮಾತ್ರ ಉಳಿದಿದೆ. ಅಕ್ಷರಕ್ರಮದ ರಚನೆಗಳನ್ನು ಬಲ್ಲ ಕನ್ನಡದಲ್ಲಿ ಇದನ್ನು ಮರುಸೃಷ್ಟಿಸುವುದು ಅಸಾಧ್ಯವಾಗಿರಲಿಲ್ಲ.

5

ರೂಪದ ಈ ಪ್ರಶ್ನೆಯನ್ನು ಗಂಭೀರವಾಗಿ ಎದುರಿಸಿದವರು ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಇಲ್ಲಿಗೆ ಬಂದ ಅವರು 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಛಂದೋರೂಪಗಳಲ್ಲಿ ಹಾಡಲು ಯತ್ನಿಸಿದರು. ಸಭೆಯ ಸಂಗೀತದಲ್ಲಿ ಆಗ ಪ್ರಬಲವಾಗಿದ್ದುದು ಜರ್ಮನ್ ರಾಗಗಳಿಗೆ ಕನ್ನಡ ಮಾತುಗಳನ್ನು ಹೊಂದಿಸುವ ಕ್ರಮ. ಜರ್ಮನ್ ಪದ್ಯದ ಲಯ ಸ್ವರಾಘಾತವನ್ನು ಅವಲಂಬಿಸಿದೆ. ಕನ್ನಡದ್ದು ಲಘುಗುರುಗಳ ಮಾತ್ರೆಯನ್ನು. ಒಂದನ್ನು ಇನ್ನೊಂದಕ್ಕೆ ಬಿಗಿದಾಗ ಹ್ರಸ್ವವನ್ನು ಎಳೆಯಬೇಕಾಗುತ್ತದೆ, ದೀರ್ಘವನ್ನು ಮೊಟಕುಗೊಳಿಸಬೇಕಾಗುತ್ತದೆ. ಸಂಭ್ರಮದಲ್ಲಿ ಇದು ನಡೆದೀತು; ಅಳುವಾಗ ನಾಲಗೆ ತನ್ನ ಸಹಜ ಲಯವನ್ನೇ ಹುಡುಕುತ್ತದೆ.

ಕಿಟೆಲ್ ಅವರ ಮೊದಲ ಪತ್ನಿ ಪೌಲೀನ್ ಮದುವೆಯಾದ ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ತೀರಿಕೊಂಡರು. ಕವಿಯ ಬಾಳಿನ ಘಟನೆಯನ್ನು ಕೃತಿಯ ಕೀಲಿಕೈಯಾಗಿಸುವುದು ಅಪಾಯಕರ. ‘ಕಥಾಮಾಲೆ’ ಈ ಸಾವಿಗಿಂತ ಮೊದಲಿನದು. ಗಮನಿಸಬೇಕಾದ್ದು ಇಷ್ಟೇ: ಸಾಂತ್ವನವನ್ನು ಹೊತ್ತು ತಂದವರೂ ನಷ್ಟಕ್ಕೆ ಹೊರಗಿನವರಾಗಿರಲಿಲ್ಲ. ಅನುವಾದದಲ್ಲಿ ದುಡಿದ ವೈಗಲ್ ನಲವತ್ತು ತುಂಬುವ ಮೊದಲೇ, 1855ರಲ್ಲಿ, ತೀರಿಕೊಂಡಿದ್ದರು. ಕೊಡುವವ ಮತ್ತು ಪಡೆಯುವವ ಎಂಬ ಅಸಮಾನತೆಯನ್ನು ಸಾವು ಅಳಿಸಲಿಲ್ಲವಾದರೂ ಒಂದೇ ಪಠ್ಯದ ಮುಂದೆ ಇಬ್ಬರನ್ನೂ ಕೂರಿಸಿತು.

6

ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಈ ಚರ್ಚೆಯ ತಿರುಳಿದೆ. ಲಾಜರನು ಸತ್ತು ನಾಲ್ಕು ದಿನಗಳಾದ ಮೇಲೆ ಬಂದ ಯೇಸುವಿಗೆ ಮಾರ್ಥಳು, ನೀನು ಇಲ್ಲಿದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲವೆಂಬ ಅರ್ಥದ ಆಕ್ಷೇಪವನ್ನು ಮುಂದಿಡುತ್ತಾಳೆ. ಮರಿಯಳು ಬಂದು ಅದನ್ನೇ ಹೇಳುತ್ತಾಳೆ. ಮಾತು ಒಂದೇ, ಪ್ರತಿಕ್ರಿಯೆ ಬೇರೆ. ಮಾರ್ಥಳಿಗೆ ಸಿಗುವುದು ಪುನರುತ್ಥಾನದ ತತ್ವ. ಮರಿಯಳ ಮುಂದೆ ಅವನು ಅಳುತ್ತಾನೆ. ಅನಂತರವೇ ಪವಾಡ. ಪ್ರಚಾರದ ಬರವಣಿಗೆಗೆ ಮಾರ್ಥಳಿಗೆ ಸಿಕ್ಕ ಉತ್ತರ ಸಾಕೆನಿಸುತ್ತದೆ. ಆದರೆ ತಮ್ಮನನ್ನು ಎಬ್ಬಿಸಬಲ್ಲವನೂ ಅಳದೆ ಮುಂದೆ ಹೋಗಲಿಲ್ಲ ಎಂಬುದರಲ್ಲಿ ಸಾಂತ್ವನದ ಶೀಲವಿದೆ.

ಇದೇ ಸೀಮೆಯೊಡನೆ ಸಂಬಂಧವುಳ್ಳ ಇನ್ನೊಂದು ಕಾವ್ಯವನ್ನು ಇಲ್ಲಿ ಹೋಲಿಸಿ ನೋಡಬಹುದು. ಶಿರಹಟ್ಟಿ ಮೂಲದ ಮನೆತನದ ದ.ರಾ. ಬೇಂದ್ರೆಯವರು ಮಕ್ಕಳನ್ನು ಮತ್ತೆ ಮತ್ತೆ ಕಳೆದುಕೊಂಡವರು. ‘ಸಖೀಗೀತ’ದಲ್ಲಿ (1937) ದಾಂಪತ್ಯದ ಕಥೆಯೊಳಗೆ ಈ ನಷ್ಟಗಳು ಹಾದುಹೋಗುತ್ತವೆ. ಅಲ್ಲಿ ಸಾಂತ್ವನ ಮೇಲಿನಿಂದ ಇಳಿಯುವುದಿಲ್ಲ. ಅದೇ ನೋವನ್ನುಂಡ ಸಖಿಗೆ ಮಾತನ್ನು ಒಪ್ಪಿಸುವುದರಲ್ಲಿ ಹುಟ್ಟುತ್ತದೆ. ದಾರ್ಶನಿಕ ನೆಲೆಯಲ್ಲಿ ಬೇಂದ್ರೆಯವರ ಕಾವ್ಯಕ್ಕೂ ಕೀರ್ತನೆಗಳಿಗೂ ದೂರ ಬಹಳ. ಆದರೂ ಉತ್ತರಕ್ಕಿಂತ ಸಂಬೋಧನೆ ದೊಡ್ಡದೆಂಬ ನೆಲೆಯಲ್ಲಿ ಅವು ಸಮೀಪಿಸುತ್ತವೆ. ಮಂಜೇಶ್ವರದ ಗೋವಿಂದ ಪೈಯವರ ‘ಗೊಲ್ಗೊಥಾ’ವನ್ನೂ ಇದರೊಡನೆ ಇಡಬೇಕು. ಕ್ರೈಸ್ತರಲ್ಲದ ಕವಿಯೊಬ್ಬರು ಯೇಸುವಿನ ಕೊನೆಯ ದಿನವನ್ನೇ ವಸ್ತುವಾಗಿ ಆರಿಸಿಕೊಂಡು ಸಾವಿನ ಮುಂದೆ ನಿಂತರು. ಮತಾಂತರದ ಉದ್ದೇಶವಿಲ್ಲದೆಯೂ ಈ ಕಥನ ಕನ್ನಡದ ಶೋಕಕ್ಕೆ ದಕ್ಕಬಲ್ಲದೆಂಬುದಕ್ಕೆ ಅದು ಸಾಕ್ಷಿ.

7

ಕುರ್ತಕೋಟಿಯ ಹೆಸರನ್ನು ತಮ್ಮ ಹೆಸರಿನಲ್ಲಿಟ್ಟುಕೊಂಡಿದ್ದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು (1928–2003) ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ ಎಂಬ ತಮ್ಮ ಗ್ರಂಥದ ಶೀರ್ಷಿಕೆಯಲ್ಲಿಯೇ ಯುಗಧರ್ಮವನ್ನೂ ಸಾಹಿತ್ಯವನ್ನೂ ಜೊತೆಗಿಟ್ಟರು. ಪ್ರಾರ್ಥನೆಯ ಗದ್ಯಕ್ಕೂ ಈ ಎರಡರ ಜೊತೆಯ ಓದು ಸಲ್ಲಬೇಕು. ಮೇಲಿನ ಪರಿಶೀಲನೆಯಿಂದ ಎರಡು ತೀರ್ಮಾನಗಳಿಗೆ ಬರಬಹುದು. ಕನ್ನಡ ಕ್ರೈಸ್ತ ಸಾಂತ್ವನ ಗಟ್ಟಿಯಾಗಿ ನಿಂತದ್ದು ಸಿದ್ಧಾಂತದ ಅನುವಾದದಿಂದಲ್ಲ. ದೂರುವ, ಅಳುವ, ‘ನೀನು’ ಎಂದು ಕರೆಯುವ ನುಡಿ ಇಲ್ಲಿನ ಭಕ್ತಿಪರಂಪರೆಯನ್ನೂ ಹೆಂಗಸರ ಅಳುವಿನ ಹಾಡನ್ನೂ ಸಂಧಿಸಿದುದರಿಂದ. ಅದು ಸೋತದ್ದು ಶೋಕಕ್ಕೆ ಬೇಕಾದ ಕಾಲವನ್ನು ಕೊಡದೆ ಆಶೆಯ ಕಡೆಗೆ ಅವಸರಿಸಿದಾಗ.

ಆಶೆ ಕ್ರೈಸ್ತ ಶ್ರದ್ಧೆಯ ಕೇಂದ್ರ. ಅದನ್ನು ಬಿಡಬೇಕೆಂದು ಯಾರೂ ಹೇಳಲಾರರು. ಶುಕ್ರವಾರದ ಶಿಲುಬೆಗೂ ಭಾನುವಾರದ ಬರಿದಾದ ಸಮಾಧಿಗೂ ನಡುವೆ ಒಂದು ಶನಿವಾರವಿದೆ. ಮನೆಯವರನ್ನು ಕಳೆದುಕೊಂಡವರು ಬಹುಕಾಲ ಬದುಕುವುದು ಆ ಶನಿವಾರದಲ್ಲಿ. ಅವರಿಗೆ ಬೇಕಾದ ಕನ್ನಡ ಕೀರ್ತನೆಗಳಲ್ಲಿದೆ, ಯೋಬನಲ್ಲಿದೆ, ಪ್ರಲಾಪಗಳಲ್ಲಿದೆ. ಬೆಟಗೇರಿ, ಹುಬ್ಬಳ್ಳಿ, ಧಾರವಾಡದ ಸಭೆಗಳ ಹಿರಿಯರು ಸಾವಿನ ಮನೆಯಲ್ಲಿ ಬಾಯಿಪಾಠವಾಗಿ ಮಾಡುವ ಪ್ರಾರ್ಥನೆಗಳನ್ನು, ಅವರವರ ಒಪ್ಪಿಗೆಯಿಂದಲೂ ಮರ್ಯಾದೆಯಿಂದಲೂ, ಸಂಗ್ರಹಿಸುವ ಕೆಲಸ ನಡೆಯಬೇಕು. ಅಚ್ಚಾದ ಪುಸ್ತಕಗಳಲ್ಲಿ ಕಾಣದ ಪ್ರಲಾಪ ಅಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಆ ಸಂಗ್ರಹವೇ ಹೇಳಬೇಕು.