ಹಾಸುಹೊಕ್ಕು ಮತ್ತು ಗಣಕಯಂತ್ರ: ನೇಯ್ಗೆಯ ವಿನ್ಯಾಸ ಯಾರ ಕೈಯಲ್ಲಿ, ಯಾವ ಭಾಷೆಯಲ್ಲಿ?

(ಗಡಿನಾಡ ಕನ್ನಡ ಕುರಿತ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ನಾನು ಸೊಲ್ಲಾಪುರದವನು, ಕನ್ನಡ ಎಂ.ಎ. ವಿದ್ಯಾರ್ಥಿ. ಸಾಹಿತ್ಯದ ಗೋಷ್ಠಿಯಲ್ಲಿ ಜವಳಿ ಸಾಫ್ಟ್‌ವೇರ್ ಮಾತು ಯಾಕೆ ಅಂತ ಕೆಲವರಿಗೆ ಅನಿಸಬಹುದು. ನಮ್ಮ ಊರು ವಚನಕಾರ ಸಿದ್ಧರಾಮನ ಸೊನ್ನಲಿಗೆ. ಅದೇ ಊರು ಚಾದರದ ಊರೂ ಹೌದು. ಸೊಲ್ಲಾಪುರದ ಚಾದರ, ಟೆರಿ ಟವೆಲ್ ಎರಡಕ್ಕೂ ಭೌಗೋಳಿಕ ಸೂಚಿ ಸಿಕ್ಕಿದೆ. ಆದ್ದರಿಂದ ವಚನಗಳಲ್ಲಿ ಮಗ್ಗ ಬಂದಾಗ ನಮಗೆ ಅದು ಬರೀ ರೂಪಕ ಆಗಿ ಉಳಿಯೋದಿಲ್ಲ. ಪಕ್ಕದ ಓಣಿಯ ಸದ್ದೂ ಕೇಳಿಸ್ತದೆ.

ಕನ್ನಡದಲ್ಲಿ ನೇಯ್ಗೆಯ ಬಗ್ಗೆ ಬರುವ ಬರಹಗಳಲ್ಲಿ ಒಂದು ವಾಕ್ಯ ಹೆಚ್ಚುಕಡಿಮೆ ಎಲ್ಲ ಕಡೆ ಸಿಗ್ತದೆ: ಮೊದಲು ಕೈಯ ಕಲೆ ಇತ್ತು, ಕಂಪ್ಯೂಟರ್ ಬಂತು, ಕಲೆ ಹೋಯಿತು. ಈ ಓದನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಮತ್ತು ಸಂಕೇತ ಮಗ್ಗದಲ್ಲಿ ಮೊದಲಿಂದಲೂ ಇವೆ. ಸಾಫ್ಟ್‌ವೇರ್ ಬಂದ ಮೇಲೆ ನಿಜವಾಗಿ ಬದಲಾದದ್ದು ಎರಡು: ವಿನ್ಯಾಸ ಯಾರ ಹತ್ತಿರ ಇರ್ತದೆ, ಮತ್ತು ಅದರ ಬಗ್ಗೆ ಯಾವ ಭಾಷೆಯಲ್ಲಿ ಮಾತಾಡ್ತೇವೆ ಎನ್ನುವುದು. ಎರಡನೆಯದು ಕನ್ನಡ ವಿದ್ಯಾರ್ಥಿಗಳಾದ ನಮಗೆ ನೇರವಾಗಿ ತಟ್ಟುವ ವಿಷಯ.

1. ಎಣಿಕೆ ಹೊಸದಲ್ಲ

ಮಗ್ಗದ ಮೂಲ ತತ್ವ ಸರಳ. ಉದ್ದಕ್ಕೆ ಹಾಸಿನ ಎಳೆ, ಅಡ್ಡಕ್ಕೆ ಹೊಕ್ಕಿನ ಎಳೆ. ಒಂದೊಂದು ಕೂಡುವಿಕೆಯಲ್ಲಿ ಹಾಸಿನ ಎಳೆ ಮೇಲೆ ಇದೆಯೋ, ಕೆಳಗೆ ಇದೆಯೋ, ಎರಡೇ ಉತ್ತರ. ಬನಾರಸಿನ ನಕ್ಷಾಬಂದರು ವಿನ್ಯಾಸವನ್ನು ದಾರದ ಜಾಲದಲ್ಲೇ ಕಟ್ಟಿ ಇಡುತ್ತಿದ್ದರು. ಯಾವ ಎಳೆ ಯಾವಾಗ ಏಳಬೇಕು ಎನ್ನುವ ನೆನಪು ಆ ಜಾಲದಲ್ಲಿ ಇರುತ್ತಿತ್ತು. 1804ರ ಸುಮಾರಿಗೆ ಫ್ರಾನ್ಸಿನ ಲಿಯಾನ್‌ನಲ್ಲಿ ಜೋಸೆಫ್ ಮರೀ ಜಕಾರ್ಡ್ ಈ ನೆನಪನ್ನು ತೂತು ಹೊಡೆದ ರಟ್ಟಿನ ಕಾರ್ಡುಗಳಿಗೆ ತಂದ. ತೂತು ಇದ್ದರೆ ಕೊಕ್ಕೆ ಎಳೆಯನ್ನು ಎತ್ತುತ್ತದೆ, ಇಲ್ಲದಿದ್ದರೆ ಇಲ್ಲ. 1843ರಲ್ಲಿ ಬ್ಯಾಬೇಜನ ಯಂತ್ರದ ಬಗ್ಗೆ ಟಿಪ್ಪಣಿ ಬರೆದ ಅಡಾ ಲವ್‌ಲೇಸ್ ಅದನ್ನು ಜಕಾರ್ಡ್ ಮಗ್ಗಕ್ಕೇ ಹೋಲಿಸಿದಳು. ಅಂದರೆ ಕಂಪ್ಯೂಟರ್ ಮಗ್ಗಕ್ಕೆ ಹೊರಗಿನಿಂದ ಬಂದ ನೆಂಟ ಅಲ್ಲ. ಕಂಪ್ಯೂಟರಿನ ಕಲ್ಪನೆಯಲ್ಲೇ ಮಗ್ಗ ಇತ್ತು.

ನಮ್ಮ ಭಾಗದ ಕಸೂತಿಯನ್ನೇ ನೋಡ್ರಿ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ಆನೆ, ತುಳಸಿ ವೃಂದಾವನ ಮೂಡುವುದು ಬಟ್ಟೆಯ ಎಳೆ ಎಣಿಸಿಕೊಂಡು. ಮೊದಲು ಬರೆದುಕೊಂಡು ಅದರ ಮೇಲೆ ಹೊಲಿಯುವ ಪದ್ಧತಿ ಅದರಲ್ಲಿ ಇರಲಿಲ್ಲ. ಕಸೂತಿ ಹಾಕುವ ಹೆಣ್ಣುಮಕ್ಕಳು ಚೌಕಗಳ ಗಣಿತವನ್ನು ತಲೆಯಲ್ಲಿ ಇಟ್ಟುಕೊಂಡಿದ್ದರು. ಇದನ್ನು ಗಣಿತ ಅಂತ ನಾವು ಕರೆಯಲಿಲ್ಲ, ಅಷ್ಟೇ.

2. ಪರದೆಯ ಮೇಲೆ ಏನಾಗ್ತದೆ

ಹಳೆಯ ಕ್ರಮದಲ್ಲಿ ಡಿಸೈನರ್ ಗ್ರಾಫ್ ಕಾಗದದ ಮೇಲೆ ಚೌಕ ಚೌಕ ಬಣ್ಣ ತುಂಬುತ್ತಿದ್ದ. ಆಮೇಲೆ ಇನ್ನೊಬ್ಬ ಒಂದೊಂದು ಸಾಲು ಓದಿ ಕಾರ್ಡು ಪಂಚ್ ಮಾಡುತ್ತಿದ್ದ. ಒಂದು ಹೊಕ್ಕಿಗೆ ಒಂದು ಕಾರ್ಡು. ವಿನ್ಯಾಸ 2000 ಹೊಕ್ಕು ಉದ್ದ ಇದ್ದರೆ 2000 ಕಾರ್ಡು, ಅವನ್ನು ಸರಪಳಿಯಂತೆ ಹೊಲಿದು ಮಗ್ಗದ ಮೇಲೆ ಏರಿಸಬೇಕು. ನವಿಲಿನ ಕೊಕ್ಕು ತಪ್ಪಿತು ಅಂದರೆ ಅಷ್ಟು ಕಾರ್ಡು ಮತ್ತೆ ಹೊಸದಾಗಿ ಹೊಡೆಯಬೇಕು.

1983ರಲ್ಲಿ ಬೋನಾಸ್ ಕಂಪನಿ ಮಿಲಾನಿನ ಯಂತ್ರ ಪ್ರದರ್ಶನದಲ್ಲಿ ಎಲೆಕ್ಟ್ರಾನಿಕ್ ಜಕಾರ್ಡ್ ತೋರಿಸಿತು. ಕಾರ್ಡಿನ ಜಾಗಕ್ಕೆ ವಿದ್ಯುತ್ ಸಂಕೇತ ಬಂತು. ಈಗ ಚಿತ್ರವನ್ನು ಸ್ಕ್ಯಾನ್ ಮಾಡಿ, ಬಣ್ಣಗಳನ್ನು ನಾಲ್ಕಾರಕ್ಕೆ ಇಳಿಸಿ, ಪ್ರತಿ ಬಣ್ಣಕ್ಕೂ ಒಂದೊಂದು ನೇಯ್ಗೆ ಕೊಟ್ಟರೆ (ಇಲ್ಲಿ ಸಾಟಿನ್, ಅಲ್ಲಿ ಟ್ವಿಲ್) ಫೈಲ್ ತಯಾರು. ಎಲ್ಲಿಯಾದರೂ ಎಳೆ ಬಹಳ ದೂರ ಕಟ್ಟಿಲ್ಲದೆ ತೇಲುತ್ತಿದ್ದರೆ, ಉಗುರಿಗೆ ಸಿಕ್ಕಿ ಕಿತ್ತುಬರುವ ಆ ಎಳೆಯನ್ನು ಸಾಫ್ಟ್‌ವೇರ್ ತಾನೇ ಗುರುತಿಸುತ್ತದೆ. ಇದು ಸಣ್ಣ ಲಾಭ ಅಲ್ಲ. ಕಣ್ಣು ಸೋತು ಹೋಗುವ ಕೆಲಸ ಕಡಿಮೆ ಆಗಿದೆ, ತಿದ್ದುಪಡಿ ನಿಮಿಷಗಳಲ್ಲಿ ಆಗ್ತದೆ.

ಆದರೆ ಸಾಫ್ಟ್‌ವೇರ್‌ಗೆ ಬಟ್ಟೆಯನ್ನು ತಿಳಿಸಿಕೊಡಬೇಕಾದವರು ಮನುಷ್ಯರೇ. ಒಂದು ಉದಾಹರಣೆ: ಬಟ್ಟೆಯಲ್ಲಿ ಅಂಗುಲಕ್ಕೆ 80 ಹಾಸು, 60 ಹೊಕ್ಕು ಇದೆ ಅನ್ನಿ. ಪರದೆಯ ಸಮಚೌಕದ ಮೇಲೆ 80 ಮನೆ ಅಗಲ, 80 ಮನೆ ಎತ್ತರದ ದುಂಡು ಹೂ ಬರೆದರೆ ಬಟ್ಟೆಯಲ್ಲಿ ಅದು ಒಂದು ಅಂಗುಲ ಅಗಲ, ಒಂದೂ ಕಾಲು ಅಂಗುಲಕ್ಕಿಂತ ಹೆಚ್ಚು ಎತ್ತರ ಬರ್ತದೆ. ಹೂ ಹೋಗಿ ತತ್ತಿ ಆಗ್ತದೆ. ಈ ಅನುಪಾತವನ್ನು ಮೊದಲೇ ಹೊಂದಿಸಬೇಕು. ನಮ್ಮ ಊರಿನ ಒಂದು ಡಿಸೈನ್ ಅಂಗಡಿಯಲ್ಲಿ ವಯಸ್ಸಾದ ಒಬ್ಬ ನೇಕಾರರು ಪರದೆ ನೋಡಿ, "ತಮ್ಮಾ, ಈ ನವಿಲು ಇಲ್ಲಿ ಚಂದ ಐತಿ, ಮಗ್ಗದಾಗ ಕುತ್ತಿಗಿ ಉದ್ದ ಆಗ್ತದ" ಅಂದರು. ಹುಡುಗ, "ಹೌದ್ರೀ ಕಾಕಾ" ಅಂತ ಪಿಕ್ಸ್ ಸಂಖ್ಯೆ ತಿದ್ದಿದ. ಕಾಕಾ ನೋಡಿದ್ದು ಕಣ್ಣಿನಿಂದ, ಹುಡುಗ ತಿದ್ದಿದ್ದು ಸಂಖ್ಯೆಯಿಂದ. ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದದ್ದರಿಂದ ಮಾತ್ರ ಆ ನವಿಲು ನೆಟ್ಟಗಾಯಿತು.

3. ಯಾರ ಕೈಯಲ್ಲಿ

ಕಾರ್ಡಿನ ಸರಪಳಿ ಕಣ್ಣಿಗೆ ಕಾಣುವ ವಸ್ತು. ಅದು ಮಗ್ಗದ ಮೇಲೆ ನೇತಾಡುತ್ತಿತ್ತು, ನೇಕಾರ ಅದನ್ನು ಮುಟ್ಟಿ ನೋಡಬಹುದಿತ್ತು, ಹರಿದರೆ ಹೊಲಿಯಬಹುದಿತ್ತು. ಫೈಲ್ ಹಾಗಲ್ಲ. ಅದು ಡಿಸೈನ್ ಅಂಗಡಿಯ ಕಂಪ್ಯೂಟರಿನಲ್ಲಿ ಇರ್ತದೆ. ಮಗ್ಗದ ಮಾಲೀಕನಿಗೆ ಪೆನ್ ಡ್ರೈವ್‌ನಲ್ಲಿ ಸಿಗ್ತದೆ. ಮಗ್ಗ ನಡೆಸುವವನಿಗೆ ಒಂದು ಸಂಖ್ಯೆಯಾಗಿ ಮಾತ್ರ ಗೊತ್ತಿರ್ತದೆ. ಅದೇ ಫೈಲ್ ನಕಲಾಗಿ ಬೇರೆ ಊರಿಗೆ ಹೋಗುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಕಾನೂನು ಇಲ್ಲಿ ಅರ್ಧ ದಾರಿಯಲ್ಲಿ ನಿಲ್ತದೆ. ಭೌಗೋಳಿಕ ಸೂಚಿ ಕಾಯುವುದು ಹೆಸರನ್ನು. 2000ದ ವಿನ್ಯಾಸ ಕಾಯ್ದೆ ಕಾಯುವುದು ಹೊಸ ವಿನ್ಯಾಸವನ್ನು, ಅದೂ ನೋಂದಾಯಿಸಿದರೆ. ತಲೆಮಾರುಗಳಿಂದ ಬಂದ ನವಿಲು, ತೇರು, ಗೋಪುರ ಹೊಸವಲ್ಲ. ಹಾಗಾಗಿ ಅವು ಎರಡರ ನಡುವೆ ಜಾರಿಬೀಳ್ತವೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ಸ್ಕ್ಯಾನರ್ ಬಂದ ಮೇಲೆ ಕೈಮಗ್ಗದ ಸೆರಗು ಪವರ್‌ಲೂಮಿಗೆ ಹಾರುವುದು ಇನ್ನೂ ಸುಲಭವಾಗಿದೆ.

ನಕಲಿಗೂ ಒಂದು ಮಿತಿ ಇದೆ. ಇಳಕಲ್ ಸೀರೆಯ ತೋಪು ತೆನೆ ಸೆರಗಿಗೆ ಬೇರೆ ಹಾಸು ಇರ್ತದೆ. ಒಡಲಿನ ಹಾಸಿಗೆ ಅದನ್ನು ಕೊಂಡಿ ಹಾಕಿ ಜೋಡಿಸ್ತಾರೆ. ಈ ಜೋಡಣೆ ಚಿತ್ರದಲ್ಲಿ ಇಲ್ಲ, ಮಗ್ಗ ಹೂಡುವ ಕೆಲಸದಲ್ಲಿ ಇದೆ. ಸ್ಕ್ಯಾನ್ ಮಾಡಿದರೆ ತೆನೆಯ ಆಕಾರ ಬರ್ತದೆ, ಕೊಂಡಿ ಬರೋದಿಲ್ಲ. ಕಸೂತಿಯಲ್ಲೂ ಹೀಗೇ. ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣ್ತದೆ. ಯಂತ್ರದ ಎಂಬ್ರಾಯ್ಡರಿಯಲ್ಲಿ ಮೇಲಿನ ದಾರ ಬೇರೆ, ಬಾಬಿನ್ ದಾರ ಬೇರೆ. ಸೀರೆ ತಿರುವಿ ಹಾಕಿದರೆ ಗೊತ್ತಾಗ್ತದೆ.

ಸಿದ್ಧ ಉಡುಪಿನ ಮಾತನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗ್ತೇನೆ. ಸೊಲ್ಲಾಪುರ ಸಮವಸ್ತ್ರಕ್ಕೂ ಹೆಸರಾದ ಊರು. ಅಂಗಿಯ ತೋಳು, ಕಾಲರ್, ಬೆನ್ನಿನ ತುಂಡುಗಳನ್ನು ಬಟ್ಟೆ ಹಾಳಾಗದಂತೆ ಹೊಂದಿಸುವ ಮಾರ್ಕರ್ ಕೆಲಸ ಕಟಿಂಗ್ ಮಾಸ್ತರರದ್ದಾಗಿತ್ತು. ಈಗ ಅದನ್ನೂ ಸಾಫ್ಟ್‌ವೇರ್ ಮಾಡ್ತದೆ. ಉಡುಪಿನ ಖರ್ಚಿನಲ್ಲಿ ಬಟ್ಟೆಯದೇ ದೊಡ್ಡ ಪಾಲು, ಆದ್ದರಿಂದ ಒಂದೆರಡು ಶೇಕಡಾ ಉಳಿದರೂ ಮಾಲೀಕನಿಗೆ ಲಾಭ. ಮಾಸ್ತರರ ಜಾಣ್ಮೆ ಪ್ರೋಗ್ರಾಮಿಗೆ ಹೋಯಿತು. ಅದರ ಪಾಲು ಅವರಿಗೆ ಸಿಕ್ಕಿತೇ ಎನ್ನುವ ಪ್ರಶ್ನೆ ಉಳಿಯಿತು.

4. ಯಾವ ಭಾಷೆಯಲ್ಲಿ

ಸೊಲ್ಲಾಪುರದ ಮಗ್ಗದ ಮನೆ ಒಂದೇ ಭಾಷೆಯದ್ದಲ್ಲ. ತೆಲಂಗಾಣದ ಕಡೆಯಿಂದ ಬಂದ ಪದ್ಮಶಾಲಿಗಳು ಪಡುಗು-ಪೇಕ ಅಂತಾರೆ. ಮರಾಠಿಯಲ್ಲಿ ತಾಣಾ-ಬಾಣಾ. ನಾವು ಹಾಸು-ಹೊಕ್ಕು ಅಂತೀವಿ. ಪರದೆಯಲ್ಲಿ ಎಂಡ್ಸ್-ಪಿಕ್ಸ್. ಮೊದಲ ಮೂರು ಒಂದರ ಪಕ್ಕ ಒಂದು ಬದುಕಿದವು, ಯಾಕಂದರೆ ಮಾತಾಡುವವರು ಅಕ್ಕಪಕ್ಕದ ಮಗ್ಗದಲ್ಲಿ ಇದ್ದರು. ನಾಲ್ಕನೆಯದು ಮೂರರ ಜಾಗವನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಿದೆ. ನಾನು ನೋಡಿದ ಅಂಗಡಿಗಳಲ್ಲಿ ಹೊಸ ಹುಡುಗರು ಮನೆಯಲ್ಲಿ ಕನ್ನಡ, ತೆಲುಗು ಮಾತಾಡಿದರೂ ವಿನ್ಯಾಸದ ಮಾತು ಬಂದಾಗ ಮೆನುವಿನ ಇಂಗ್ಲಿಷಿಗೆ ಹೊರಳ್ತಾರೆ.

ಹೆಸರುಗಳೂ ಹಾಗೇ. ಇಳಕಲ್ ದಡಿಗಳಿಗೆ ಗೋಮಿ, ಚಿಕ್ಕಿ ಪರಾಸ್, ಗಾಡಿ ಎಂಬ ಹೆಸರಿವೆ. ಹೆಸರು ಗೊತ್ತಿದ್ದರೆ ಕೊಳ್ಳುವ ಅವ್ವನೂ ನೇಯುವ ಅಣ್ಣನೂ ಒಂದೇ ಮಾತಿನಲ್ಲಿ ವ್ಯವಹಾರ ಮಾಡಬಹುದು. ಫೈಲ್ ಸಂಖ್ಯೆಗೆ ಆ ಗುಣ ಇಲ್ಲ.

ತಂತ್ರಜ್ಞಾನದ ಸ್ವಭಾವವೇ ಹೀಗೆ ಅಂತ ಕೈಚೆಲ್ಲಬೇಕಿಲ್ಲ. ಸರ್ಕಾರಿ ಸಂಸ್ಥೆಯೇ ತಯಾರಿಸಿದ ಡಿಜಿಬುನೈ ಎಂಬ ಮುಕ್ತ ತಂತ್ರಾಂಶ ಜಕಾರ್ಡ್, ಡಾಬಿ ವಿನ್ಯಾಸಕ್ಕೆಂದೇ ಇದೆ. ಮುಕ್ತ ತಂತ್ರಾಂಶಕ್ಕೆ ಪದಗಳನ್ನು ಕೊಡಬಹುದು. ಆದರೆ ಕೊಡಬೇಕಾದರೆ ಪದಗಳು ನಮ್ಮ ಹತ್ತಿರ ಇರಬೇಕಲ್ಲ?

5. ನಮ್ಮ ಓದಿಗೆ ಇದರಿಂದ ಏನು

ಜೇಡರ ದಾಸಿಮಯ್ಯ ನೇಕಾರ ಎಂದು ತರಗತಿಯಲ್ಲಿ ಹೇಳ್ತೀವಿ, 'ಕಾಯಕದ ರೂಪಕ' ಎಂದು ಬರೆದುಕೊಂಡು ಮುಂದಿನ ಪುಟಕ್ಕೆ ಹೋಗ್ತೀವಿ. ರೂಪಕ ಎಂದು ಕರೆದ ಕೂಡಲೇ ಮಗ್ಗದ ಕೆಲಸ ಮರೆಗೆ ಸರಿಯುತ್ತದೆ. 'ಹಾಸುಹೊಕ್ಕಾಗಿದೆ' ಎಂಬ ಮಾತನ್ನು ಎಲ್ಲರೂ ಬಳಸ್ತೀವಿ. ಹಾಸು ಯಾವುದು, ಹೊಕ್ಕು ಯಾವುದು ಅಂತ ಕೇಳಿದರೆ ತಡವರಿಸ್ತೀವಿ. ಹಾಸು ಮೊದಲೇ ಬಿಗಿದು ನಿಂತಿರ್ತದೆ, ಹೊಕ್ಕು ಲಾಳಿಯೊಡನೆ ಬಂದು ಹೋಗ್ತದೆ. ಈ ವ್ಯತ್ಯಾಸ ಗೊತ್ತಿದ್ದವನ ಓದು ಬೇರೆ ಆಗ್ತದೆ.

ಇಲ್ಲಿ ನಮ್ಮ ವಿಭಾಗಗಳೂ ಡಿಸೈನ್ ಅಂಗಡಿಯ ಸ್ಥಿತಿಯಲ್ಲೇ ಇವೆ. ವಚನ ಸಂಚಯದಂಥ ಜಾಲತಾಣದಲ್ಲಿ ಒಂದು ಪದ ಹಾಕಿದರೆ ಅದು ಬಂದ ಎಲ್ಲ ವಚನಗಳೂ ಕ್ಷಣದಲ್ಲಿ ಸಿಗ್ತವೆ. ನಮಗೆ ಅದು ದೊಡ್ಡ ಉಪಕಾರ. ಪದ ಎಲ್ಲಿದೆ ಎಂದು ಹುಡುಕಾಟ ಹೇಳ್ತದೆ. ಆ ಪದ ಮಗ್ಗದ ಮೇಲೆ ಏನು ಮಾಡ್ತದೆ ಎಂದು ಹೇಳಬೇಕಾದ ಕಾಕಾ ನಮ್ಮ ಕೋಣೆಯಲ್ಲಿ ಇಲ್ಲ.

ಹಾಗಾಗಿ ನನ್ನ ಸೂಚನೆ ಒಂದೇ. ಗಡಿಭಾಗದ ಕನ್ನಡ ವಿಭಾಗಗಳು ಮಗ್ಗದ ಪದಕೋಶವನ್ನು ಕನ್ನಡ, ತೆಲುಗು, ಮರಾಠಿ ಮೂರರಲ್ಲೂ, ಚಿತ್ರ ಸಮೇತ, ನೇಕಾರರ ಜೊತೆ ಕೂತು ಈಗಲೇ ಮಾಡಬೇಕು. ಕಾರ್ಡು ಹೊಡೆದವರು, ಗ್ರಾಫ್ ತುಂಬಿದವರು ಇನ್ನೂ ನಮ್ಮ ನಡುವೆ ಇದ್ದಾರೆ.

ಸಂವಾದ

ಚರ್ಚೆಯಲ್ಲಿ ಗುರುಗಳೊಬ್ಬರು ಕೇಳಿದ ಪ್ರಶ್ನೆ: ನೇಕಾರನಿಗೆ ಬೇಕಿರುವುದು ಕೂಲಿ, ಪದಕೋಶದಿಂದ ಅವನಿಗೆ ಏನು ಸಿಗ್ತದೆ?

ನನ್ನ ಉತ್ತರ: ಸರ್, ಪ್ರಶ್ನೆ ನ್ಯಾಯವಾದದ್ದು. ಪದಕೋಶದಿಂದ ನಾಳೆ ಕೂಲಿ ಏರೋದಿಲ್ಲ. ಆದರೆ ಇದು ನಮ್ಮ ದಡಿ, ಇದರ ಹೆಸರು ಇದು, ಇದನ್ನು ಹೀಗೆ ಕಟ್ತೀವಿ ಅಂತ ಬರೆದ ದಾಖಲೆ ಇಲ್ಲದವರು ನಕಲಿನ ವಿರುದ್ಧ ಎಲ್ಲಿ ಹೋಗಿ ಏನಂತ ವಾದ ಮಾಡಬೇಕು? ಭೌಗೋಳಿಕ ಸೂಚಿ ಕೇಳುವಾಗಲೂ ವಸ್ತುವಿನ ವಿವರ, ಮಾಡುವ ಕ್ರಮ ಬರೆದುಕೊಡಬೇಕಾಗ್ತದೆ. ಬರೆಯುವ ಕೆಲಸ ನಮಗೆ ಬರ್ತದೆ. ಕೂಲಿಯ ಹೋರಾಟ ಅವರದ್ದು, ಅದರಲ್ಲಿ ನಮ್ಮ ಕೈಲಾದ ಪಾಲು ಇಷ್ಟು ಅಂತ ನಾನು ತಿಳಿದಿದ್ದೇನೆ.