ಬಿಯರಿನ ರುಚಿ ಇರುವುದು ಮೂಗಿನಲ್ಲಿ

ಬಾಟಲಿಗೇ ಬಾಯಿಟ್ಟು ಕುಡಿದರೆ ಬಿಯರಿನಿಂದ ಸಿಗುವುದು ತಂಪು ಮತ್ತು ಕಹಿ ಮಾತ್ರ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಹೂ, ಯೀಸ್ಟ್ ಇವು ಸೇರಿ ಕೊಡುವ ಪರಿಮಳ ಮೂಗಿಗೆ ಮೀಸಲು. ಮನೆಯಲ್ಲಿ ಗದ್ದಲವಿಲ್ಲ, ಅವಸರವೂ ಇಲ್ಲ. ಮೂಗಿಗೆ ಅದರ ಪಾಲು ಕೊಡಲು ಅದೇ ತಕ್ಕ ಜಾಗ.

ಕೊಳ್ಳುವಾಗ

ಲೇಬಲ್ ಮೇಲಿನ ತಯಾರಿಕೆಯ ದಿನಾಂಕ ನೋಡಿ, ಹೊಸದನ್ನೇ ಆರಿಸಿ. ದಿನ ಕಳೆದಂತೆ, ಅದರಲ್ಲೂ ಸೆಕೆಯಲ್ಲಿ, ಹಾಪ್ಸ್ ಪರಿಮಳ ಕುಗ್ಗುತ್ತದೆ. ಬಿಸಿಲು ತಾಗಿದರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದಂಥ ನಾತ ಹುಟ್ಟುತ್ತದೆ. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ, ಹಸಿರು ಬಾಟಲಿಗೆ ಆ ಶಕ್ತಿ ಕಡಿಮೆ. ರುಚಿ ಕಲಿಯುವವರು ಸ್ಟ್ರಾಂಗ್ ಬಿಯರಿನಿಂದ ಶುರು ಮಾಡಬೇಡಿ. ಆಲ್ಕೋಹಾಲಿನ ಘಾಟು ಸೂಕ್ಷ್ಮ ಪರಿಮಳಗಳನ್ನು ಮುಚ್ಚಿಬಿಡುತ್ತದೆ.

ತಂಪು ಎಷ್ಟು?

ಅತಿಯಾದ ತಂಪಿಗೆ ನಾಲಿಗೆ ಮರಗಟ್ಟುತ್ತದೆ, ಪರಿಮಳ ಮೇಲೇಳುವುದಿಲ್ಲ. ಹಾಗಾಗಿ ಮಗ್‌ಗಳನ್ನು ಫ್ರೀಜರಿನಲ್ಲಿ ಇಡಬೇಡಿ. ತಿಳಿ ಬಣ್ಣದ ಲಾಗರ್ ಬಿಯರಿಗೆ 4ರಿಂದ 7 ಡಿಗ್ರಿ ಸೆಲ್ಸಿಯಸ್ ಸಾಕು. ಕಪ್ಪನೆಯ ಸ್ಟೌಟ್ ಬಿಯರಿಗೆ 10ರಿಂದ 13 ಡಿಗ್ರಿ ಹಿತ. ಅದನ್ನು ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಮೇಜಿನ ಮೇಲಿಡಿ.

ಸುರಿಯುವ ಬಗೆ

ಲೋಟ ಗಾಜಿನದಿರಲಿ, ಜಿಡ್ಡು ಒಂದಿಷ್ಟೂ ಇರಬಾರದು. ಸುರಿದ ಮೇಲೆ ಗುಳ್ಳೆಗಳು ಒಳಗೋಡೆಗೆ ಅಂಟಿ ನಿಂತರೆ ಲೋಟ ಸರಿಯಾಗಿ ತೊಳೆದಿಲ್ಲ ಎಂದರ್ಥ. ಲೋಟವನ್ನು ಓರೆಯಾಗಿ ಹಿಡಿದು ಅರ್ಧ ತುಂಬುವವರೆಗೆ ಸುರಿಯಿರಿ. ಆಮೇಲೆ ನೆಟ್ಟಗೆ ಮಾಡಿ ನಡುವಿಗೇ ಸುರಿಯಿರಿ. ಎರಡು ಬೆರಳಷ್ಟು ನೊರೆ ನಿಲ್ಲಬೇಕು. ನೊರೆ ನಷ್ಟವಲ್ಲ: ಒಡೆಯುವ ಒಂದೊಂದು ಗುಳ್ಳೆಯೂ ಪರಿಮಳವನ್ನು ಮೂಗಿಗೆ ಮುಟ್ಟಿಸುತ್ತದೆ, ಹೊಟ್ಟೆಗೆ ಹೋಗುವ ಗಾಳಿಯೂ ಅಷ್ಟು ಕಡಿಮೆಯಾಗುತ್ತದೆ.

ಮೂಗಿಗೆ ಪಾಠ

ಎರಡು ಬಗೆಯ ಬಿಯರನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಕುಡಿಯುವ ಮೊದಲು ಮೂಸಿ. ಚೆಕ್ ನಾಡಿನ ಪಿಲ್ಸೆನ್‌ನಲ್ಲಿ 1842ರಲ್ಲಿ ಹುಟ್ಟಿದ ಹೊಂಬಣ್ಣದ ಪಿಲ್ಸ್‌ನರ್‌ನಲ್ಲಿ ಬ್ರೆಡ್ಡಿನ ಘಮ, ಹಾಪ್ಸ್‌ನ ಸೊಪ್ಪಿನ ವಾಸನೆ ಸಿಗುತ್ತದೆ. ಜರ್ಮನ್ ಶೈಲಿಯ ಗೋಧಿ ಬಿಯರ್, ಅಂದರೆ ಹೆಫೆವೈಜೆನ್, ಬಾಳೆಹಣ್ಣು, ಲವಂಗದಂತೆ ಘಮಿಸುತ್ತದೆ. ಅವೆರಡನ್ನೂ ಯಾರೂ ಅದಕ್ಕೆ ಹಾಕಿಲ್ಲ. ಅದು ಪೂರ್ತಿ ಯೀಸ್ಟಿನ ಕೆಲಸ. ಈ ಬಿಯರಿನ ಯೀಸ್ಟ್ ತಳದಲ್ಲಿ ಕೂತಿರುತ್ತದೆ, ಕೊನೆಯ ಗುಟುಕಿನಷ್ಟನ್ನು ಬಾಟಲಿಯಲ್ಲೇ ಮೆಲ್ಲಗೆ ತಿರುಗಿಸಿ ಸುರಿದುಕೊಳ್ಳಿ. ಸ್ಟೌಟ್‌ನ ಕಾಫಿಯಂಥ ಕಹಿ ಬರುವುದು ಕಪ್ಪಗೆ ಹುರಿದ ಬಾರ್ಲಿಯಿಂದ. ಒಂದು ಗುಟುಕು ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ. ಮೂಸಿದಾಗ ಸಿಗದ ಪರಿಮಳ ಆಗ ಸಿಗುತ್ತದೆ.

ಜತೆಗೇನು?

ಎಣ್ಣೆಯಲ್ಲಿ ಕರಿದದ್ದಕ್ಕೆ ಲಾಗರ್ ಒಳ್ಳೆಯ ಜೋಡಿ. ಅದರ ಗುಳ್ಳೆ, ಕಹಿ ಎರಡೂ ನಾಲಿಗೆಯ ಜಿಡ್ಡನ್ನು ತೊಳೆಯುತ್ತವೆ. ಕಾಂಗ್ರೆಸ್ ಕಡಲೆಕಾಯಿಯ ಉಪ್ಪು ಬಿಯರಿನ ಕಹಿಯನ್ನು ತಗ್ಗಿಸುತ್ತದೆ. ಖಾರವಾದ ಕೋಳಿ ಸುಕ್ಕಕ್ಕೆ ಗೋಧಿ ಬಿಯರ್ ವಾಸಿ. ಕಹಿ ಜಾಸ್ತಿಯಿರುವ ಐಪಿಎ ಬಗೆಯ ಬಿಯರ್ ಖಾರವನ್ನು ಇನ್ನಷ್ಟು ಕೆರಳಿಸುತ್ತದೆ.

650 ಮಿ.ಲೀ. ಬಾಟಲಿಯನ್ನು ಇಬ್ಬರು ಹಂಚಿಕೊಳ್ಳಿ. ಬೆಚ್ಚಗಾಗುವ ಮೊದಲೇ ಅದು ಮುಗಿಯುತ್ತದೆ, ಎರಡನೆಯ ಬಗೆಯನ್ನು ಸವಿಯಲು ಮೂಗು ನಾಲಿಗೆಗಳು ಚುರುಕಾಗಿಯೇ ಇರುತ್ತವೆ. ಪರಿಮಳ ಗೊತ್ತಾಗುವುದು ನಿಂತಾಗ ಲೋಟ ಕೆಳಗಿಡಿ. ಆಮೇಲೆ ಕುಡಿಯುವುದರಲ್ಲಿ ರುಚಿಯಿಲ್ಲ.